ಹಸು ಹಾಲು ಇಳಿಸುವುದು ತಲೆಯಿಂದ

[ದೃಶ್ಯ: ಚಿಂತಾಮಣಿ ಕಡೆಯ ಒಂದು ಹಳ್ಳಿ, ಬೆಳಗಿನ ಜಾವ. ಕೊಟ್ಟಿಗೆಯಲ್ಲಿ ಸೀಮೆ ಹಸು, ಸ್ವಲ್ಪ ದೂರದಲ್ಲಿ ಕಟ್ಟಿದ ಕರು. ಬಕೆಟ್ ಸದ್ದು.]

ನಮಸ್ಕಾರ. ಈ ಹಸುವಿನ ಕೆಚ್ಚಲು ತುಂಬಿ ಬಿಗಿದುಕೊಂಡಿದೆ. ಒಳಗೆ ಹತ್ತು ಲೀಟರ್ ಹಾಲಿದೆ ಅಂತ ಇಟ್ಟುಕೊಳ್ಳಿ. ಕರೆಯಲು ಕೂತರೆ ಬರುವುದು ಎರಡೇ ಲೀಟರ್! ಎಷ್ಟು ಎಳೆದರೂ ಮಿಕ್ಕಿದ್ದು ಬರುವುದಿಲ್ಲ. ಹಸು ಹಾಲು ಎತ್ತಿಕೊಂಡಿದೆ ಅಂತ ಮನೆಯವರು ಹೇಳುತ್ತಾರೆ. ಎತ್ತಿಕೊಂಡು ಎಲ್ಲಿಟ್ಟಿತು?

ಎಲ್ಲೂ ಇಟ್ಟಿಲ್ಲ. ಹಾಲು ಕೆಚ್ಚಲಲ್ಲೇ ಇದೆ. ಬಿಡಬೇಕಾದ ಅಪ್ಪಣೆ ಮಾತ್ರ ಮೇಲಿನಿಂದ, ಅಂದರೆ ಮಿದುಳಿನಿಂದ, ಬಂದಿಲ್ಲ. ಈ ಅಪ್ಪಣೆ ಹೊರಡುವ ಮಿದುಳಿನ ಜಾಗದ ಬಗ್ಗೆ 2023 ಮತ್ತು 2024ರಲ್ಲಿ ಎರಡು ಒಳ್ಳೆಯ ಸಂಶೋಧನೆಗಳು ಬಂದಿವೆ. ಎರಡೂ ಇಲಿಗಳ ಮೇಲೆ ನಡೆದವು. ಆದರೆ ಹಾಲು ಹಾಕಿ ಮನೆ ನಡೆಸುವ ಚಿಕ್ಕಬಳ್ಳಾಪುರ, ಕೋಲಾರದವರಿಗೆ ಅವು ದೂರದ ವಿಷಯವಲ್ಲ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಸೀಮೆ ಇದು. ಬೋರ್‌ವೆಲ್ ಕೈಕೊಟ್ಟ ವರ್ಷ ಡೇರಿಯ ಬಟವಾಡೆಯೇ ಗತಿ, ಅಲ್ವಾ?

[ದೃಶ್ಯ: ಕೆಚ್ಚಲಿನ ಒಳಭಾಗದ ಚಿತ್ರ]

ಮೊದಲು ಕೆಚ್ಚಲಿನ ಒಳಗೆ ಹೋಗೋಣ. ಅದು ಹಾಲು ತುಂಬಿದ ಚೀಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ, ಅದು ಸ್ಪಂಜಿನ ಹಾಗೆ. ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳು ಲೆಕ್ಕವಿಲ್ಲದಷ್ಟಿವೆ. ಹಾಲು ತಯಾರಾಗುವುದು ಅಲ್ಲಿ. ತಯಾರಾದ ಹಾಲಿನಲ್ಲಿ ಸುಮಾರು ಐದನೇ ಒಂದು ಪಾಲು, ಕೆಲವು ಹಸುಗಳಲ್ಲಿ ಅದಕ್ಕಿಂತಲೂ ಕಡಿಮೆ, ಕೆಳಗಿನ ಖಾಲಿ ಜಾಗಕ್ಕೆ ಇಳಿದು ನಿಂತಿರುತ್ತದೆ. ಮೊದಲ ಎರಡು ಲೀಟರ್ ಸಿಕ್ಕಿದ್ದು ಅಲ್ಲಿಂದ. ಉಳಿದಿದ್ದು ಗುಳ್ಳೆಗಳಲ್ಲೇ ಇದೆ. ಅದನ್ನು ಯಾರಾದರೂ ಒಳಗಿನಿಂದ ಹಿಂಡಬೇಕು. ನಿಮ್ಮ ಕೈಗಾಗಲಿ ಮೆಷಿನ್‌ಗಾಗಲಿ ಅದು ಎಟುಕುವುದಿಲ್ಲ.

ಹಿಂಡುವ ಕೆಲಸಕ್ಕೆ ಪ್ರತಿ ಗುಳ್ಳೆಯ ಸುತ್ತ ಸಣ್ಣ ಜೀವಕೋಶಗಳ ಬಲೆಯೊಂದಿದೆ. ಸ್ನಾಯುವಿನ ಥರ ಬಿಗಿಯುವ ಜೀವಕೋಶಗಳು. ಆಕ್ಸಿಟೋಸಿನ್ ಎಂಬ ಹಾರ್ಮೋನು ಬಂದು ಮುಟ್ಟಿದರೆ ಅವು ಬಿಗಿಯುತ್ತವೆ, ಗುಳ್ಳೆಯಿಂದ ಹಾಲು ಕೆಳಗಿಳಿಯುತ್ತದೆ. ಆಕ್ಸಿಟೋಸಿನ್ ತಯಾರಾಗುವುದು ಮಿದುಳಿನ ತಳದಲ್ಲಿರುವ ಹೈಪೋಥಲಮಸ್ ಎಂಬ ಜಾಗದಲ್ಲಿ. ಅಲ್ಲೇ ಕೆಳಗಿರುವ ಪಿಟ್ಯುಟರಿ ಗ್ರಂಥಿಯಿಂದ ಅದು ರಕ್ತಕ್ಕೆ ಸೇರುತ್ತದೆ. ಹಸುವಿನ ತಲೆಯಿಂದ ಹೊರಟು, ಹೃದಯ ಹಾದು, ಹಿಂಗಾಲಿನ ಮಧ್ಯದವರೆಗೆ ಪಯಣ. ಜೊತೆಗೆ ಗುಳ್ಳೆಯ ಹಾಲು ಕೆಳಗಿಳಿಯಲೂ ಹೊತ್ತು ಬೇಕು. ಅದಕ್ಕೇ ಕೆಚ್ಚಲು ಮುಟ್ಟಿದ ಕೂಡಲೇ ಹಾಲು ಇಳಿಯುವುದಿಲ್ಲ. ಒಂದು, ಒಂದೂವರೆ ನಿಮಿಷ ಹಿಡಿಯುತ್ತದೆ. ಕೆಚ್ಚಲು ಪೂರ್ತಿ ತುಂಬಿರದಿದ್ದರೆ ಇನ್ನೂ ಜಾಸ್ತಿ.

ಅಪ್ಪಣೆ ಕೆಚ್ಚಲಿಗೆ ತಲುಪುವುದು ನರದ ಮೂಲಕ ಅಲ್ಲ, ರಕ್ತದ ಮೂಲಕ ಅಂತ ಗೊತ್ತಾಗಿದ್ದು ಹೇಗೆ? 1941ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಈಲಿ ಮತ್ತು ಪೀಟರ್ಸನ್ ಎಂಬ ಇಬ್ಬರು ವಿಜ್ಞಾನಿಗಳು ಹಸುವಿನ ಅರ್ಧ ಕೆಚ್ಚಲಿಗೆ ಹೋಗುವ ನರಗಳನ್ನು ಕತ್ತರಿಸಿ ನೋಡಿದರು. ಆ ಅರ್ಧದಲ್ಲೂ ಹಾಲು ಇಳಿಯಿತು. ಆಮೇಲೆ ಅವರು ಇನ್ನೊಂದು ಕೆಲಸ ಮಾಡಿದರು. ಹಸುವಿನ ಬೆನ್ನ ಮೇಲೆ ಬೆಕ್ಕನ್ನು ಕೂರಿಸಿದರು! ಸಾಲದ್ದಕ್ಕೆ ಪಕ್ಕದಲ್ಲಿ ಕಾಗದದ ಚೀಲಗಳನ್ನು ಊದಿ ಟಪ್ ಟಪ್ ಅಂತ ಒಡೆದರು. ಹಸು ಹೆದರಿತು, ಹಾಲು ನಿಂತಿತು. ಬೆಕ್ಕಿಗೆ ಯಾರು ಸಮಾಧಾನ ಹೇಳಿದರೋ! ಅಡ್ರಿನಲಿನ್ ಎಂಬ ಹಾರ್ಮೋನು ಚುಚ್ಚಿದಾಗಲೂ ಇದೇ ಆಯಿತು. ಹೆದರಿಕೆಯಲ್ಲಿ ಅಡ್ರಿನಲಿನ್ ಏರಿದರೆ ಕೆಚ್ಚಲಿಗೆ ಹೋಗುವ ರಕ್ತನಾಳಗಳು ಬಿಗಿಯುತ್ತವೆ. ಆಕ್ಸಿಟೋಸಿನ್ ಹೊರಟಿದ್ದರೂ ಸರಿಯಾಗಿ ಕೆಲಸ ಮಾಡಲಾಗುವುದಿಲ್ಲ.

ಹೆದರಿಕೆಯೇ ಬೇಕಿಲ್ಲ, ಜಾಗ ಹೊಸದಾದರೂ ಸಾಕು. ಆಗ ಎಷ್ಟೋ ಹಸುಗಳ ಮಿದುಳು ಆಕ್ಸಿಟೋಸಿನ್ನನ್ನೇ ಬಿಡುವುದಿಲ್ಲ. 1990ರ ದಶಕದಲ್ಲಿ ಇದನ್ನು ರಕ್ತಪರೀಕ್ಷೆಯಿಂದಲೇ ತೋರಿಸಿದರು. ಸಂತೆಯಲ್ಲಿ "ಹೊತ್ತಿಗೆ ಹನ್ನೆರಡು ಲೀಟರ್" ಅಂತ ಹೇಳಿ ಮಾರಿದ ಹಸು ನಿಮ್ಮ ಮನೆಗೆ ಬಂದ ಮೊದಲ ದಿನ ಐದು ಲೀಟರ್ ಕೊಟ್ಟರೆ, ಮಾರಿದವನನ್ನು ಬೈಯುವ ಮೊದಲು ನಾಲ್ಕು ದಿನ ಕಾಯಿರಿ. ಆಮೇಲೂ ಐದೇ ಕೊಟ್ಟರೆ ಬೈಯಬಹುದು.

[ದೃಶ್ಯ: ಕೊಟ್ಟಿಗೆಯಲ್ಲಿ ಮನೆಯೊಡತಿಯ ಜೊತೆ ಮಾತು]

"ಅಕ್ಕ, ಕರು ಬಿಡದೆ ಕರೆದರೆ ಏನಾಗುತ್ತೆ?"

"ನಾಟಿ ಹಸು ಆದ್ರೆ ಒಂದು ತೊಟ್ಟೂ ಕೊಡಲ್ಲಪ್ಪ. ಸೀಮೆ ಹಸು ಪರವಾಗಿಲ್ಲ, ಹಿಂಡಿ ಬಕೆಟ್ ಸದ್ದು ಕೇಳಿದ್ರೆ ಸಾಕು. ಒಂದೊಂದು ಸಲ ಕೂರೋ ಮೊದಲೇ ತೊಟ್ಟಿಕ್ಕತ್ತೆ."

ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ತುಮಕೂರಿನ ಸಿದ್ಧಗಂಗೆ ಜಾತ್ರೆಯಲ್ಲಿ ಕಾಣುವ ಹಳ್ಳಿಕಾರ್‌ನಂಥ ನಾಟಿ ತಳಿಗಳಿಗೆ ಕರು ಎದುರಿಗಿರಬೇಕು. ಕರು ಸತ್ತರೆ ಅದರ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸುತ್ತಿದ್ದದ್ದು ಇದಕ್ಕೇ. ಹಸು ಅದನ್ನು ನೆಕ್ಕುತ್ತಾ ಹಾಲು ಇಳಿಸುತ್ತಿತ್ತು. ಸೀಮೆ ಹಸುವನ್ನು ತಲೆಮಾರುಗಳಿಂದ ಕರುವಿಲ್ಲದೆ ಕರೆಯಲು ಆಯ್ದು ಬೆಳೆಸಿದ್ದಾರೆ. ಅದರ ಮಿದುಳು ಬಕೆಟ್ ಸದ್ದನ್ನೇ ಕಲಿತುಬಿಡುತ್ತದೆ.

ಇಲ್ಲಿ ಇಂಜೆಕ್ಷನ್ ವಿಷಯ ಹೇಳದಿದ್ದರೆ ಕಾಮೆಂಟಲ್ಲಿ ನೀವು ಬಿಡುವುದಿಲ್ಲ. ಕೆಲವರು ಹಾಲು ಇಳಿಯಲಿ ಅಂತ ಆಕ್ಸಿಟೋಸಿನ್ ಚುಚ್ಚುತ್ತಾರೆ. ತಲೆಯಿಂದ ಬರಬೇಕಾದ ಅಪ್ಪಣೆಯನ್ನು ಸೂಜಿಯಿಂದ ಕೊಡುವ ಕೆಲಸ ಅದು. ಹಾಲು ಕುಡಿದವರಿಗೆ ತೊಂದರೆ ಅಂತ ಹೆದರಿಸುವ ಫಾರ್ವರ್ಡ್‌ಗಳು ಬೇಕಾದಷ್ಟಿವೆ. ಆಕ್ಸಿಟೋಸಿನ್ ಒಂಬತ್ತು ಅಮೈನೋ ಆಮ್ಲಗಳ ಪುಟ್ಟ ಸರಪಳಿ, ಹೊಟ್ಟೆಯಲ್ಲಿ ಬೇಳೆಯ ಪ್ರೋಟೀನ್ ಜೀರ್ಣವಾದಂತೆ ಅದೂ ಜೀರ್ಣವಾಗುತ್ತದೆ. ನನ್ನ ತಕರಾರು ಬೇರೆ. ದಿನಾ ಚುಚ್ಚಿಸಿಕೊಂಡ ಹಸು ಕ್ರಮೇಣ ತಾನಾಗಿ ಹಾಲು ಇಳಿಸುವುದನ್ನೇ ಕಡಿಮೆ ಮಾಡುತ್ತದೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ತೋರಿಸಿತ್ತು. ಸೂಜಿ ಬಿಟ್ಟರೆ ಹಾಲಿಲ್ಲ ಅನ್ನುವ ಸ್ಥಿತಿಗೆ ತಂದವರು ನಾವೇ. ಹಾಗಂತ ಔಷಧಿಯೇ ಕೆಟ್ಟದ್ದಲ್ಲ. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಿಸಲು ಆಸ್ಪತ್ರೆಗಳಲ್ಲಿ ಕೊಡುವುದು ಇದನ್ನೇ. 2018ರಲ್ಲಿ ಖಾಸಗಿ ಕಂಪನಿಗಳು ದೇಶದೊಳಗಿನ ಬಳಕೆಗೆ ಇದನ್ನು ತಯಾರಿಸಬಾರದು ಅಂತ ಕೇಂದ್ರ ಸರ್ಕಾರ ಆದೇಶ ಮಾಡಿತು. ತಾಯಂದಿರಿಗೆ ಔಷಧಿ ಸಿಗದೆ ಹೋಗಬಹುದು ಎಂಬ ಆತಂಕ ಎದ್ದಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆದೇಶವನ್ನು ರದ್ದುಮಾಡಿತು.

[ದೃಶ್ಯ: ಅಳುವ ಮಗುವಿನ ಸದ್ದು, ನಂತರ ಇಲಿಮರಿಗಳ ಚಿತ್ರ]

ಈಗ ಹೊಸ ಸಂಶೋಧನೆಗೆ ಬರೋಣ. ಬಾಣಂತಿಯರಿಗೆ ಇದು ಗೊತ್ತು. ಮಗು ಪಕ್ಕದ ಕೋಣೆಯಲ್ಲಿ ಅತ್ತರೆ ಸಾಕು, ಎದೆಯಲ್ಲಿ ಹಾಲು ಒಸರುತ್ತದೆ. ಬಸ್ಸಿನಲ್ಲಿ ಯಾರದೋ ಮಗು ಅತ್ತರೂ ಕೆಲವರಿಗೆ ರವಿಕೆ ಒದ್ದೆಯಾಗುತ್ತದೆ. ಮಗು ಬಾಯಿ ಇಡುವ ಮೊದಲೇ, ಅದರ ಅಳು ಕೇಳಿಯೇ ತಾಯಿಯ ರಕ್ತದಲ್ಲಿ ಆಕ್ಸಿಟೋಸಿನ್ ಏರಬಲ್ಲದು ಅಂತ 1983ರಲ್ಲೇ ಅಳೆದು ತೋರಿಸಿದ್ದರು. ಆದರೆ ಕಿವಿಗೆ ಬಿದ್ದ ಅಳು ಹೈಪೋಥಲಮಸ್‌ಗೆ ಯಾವ ದಾರಿಯಲ್ಲಿ ಹೋಗುತ್ತದೆ ಅನ್ನುವುದು ಗೊತ್ತಿರಲಿಲ್ಲ.

2023ರ ಸೆಪ್ಟೆಂಬರ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡ ಆ ದಾರಿಯನ್ನು ತೋರಿಸಿತು. ಇಲಿಮರಿ ಗೂಡಿನಿಂದ ಹೊರಗೆ ಬಿದ್ದರೆ ಕೂಗುತ್ತದೆ. ನಮ್ಮ ಕಿವಿಗೆ ಕೇಳದಷ್ಟು ಕೀರಲು ಕೂಗು ಅದು. ಆ ಸದ್ದು ತಾಯಿಯ ಮಿದುಳಿನ ನಡುವೆ ಇರುವ ಥಲಮಸ್ ಎಂಬ ಭಾಗದ ಹಿಂಬದಿಯಲ್ಲಿರುವ ಒಂದು ಸಣ್ಣ ಜಾಗಕ್ಕೆ ಬರುತ್ತದೆ. ಅಲ್ಲಿಂದ ನೇರವಾಗಿ ಆಕ್ಸಿಟೋಸಿನ್ ನರಕೋಶಗಳಿಗೆ ಸುದ್ದಿ ಹೋಗುತ್ತದೆ. ಮಾಮೂಲಿಯಾಗಿ ಆ ನರಕೋಶಗಳಿಗೆ ಒಂದು ತಡೆ ಇರುತ್ತದೆ. ಮರಿ ಒಂದೆರಡು ಸಲ ಕೀಚ್ ಅಂದರೆ ತಡೆ ಸಡಿಲವಾಗುವುದಿಲ್ಲ. ಸುಮಾರು ಅರ್ಧ ನಿಮಿಷ ಬಿಡದೆ ಕೂಗಿದರೆ ಆಕ್ಸಿಟೋಸಿನ್ ಬಿಡುಗಡೆಯಾಗುತ್ತದೆ. ಅದರ ಪರಿಣಾಮ ಸುಮಾರು ಐದು ನಿಮಿಷ ಇರುತ್ತದೆ.

ನನಗೆ ತುಂಬಾ ಹಿಡಿಸಿದ್ದು ಈ ಅರ್ಧ ನಿಮಿಷ. ಸಣ್ಣಪುಟ್ಟ ಸದ್ದಿಗೆಲ್ಲ ಹಾಲು ಇಳಿಸಿದರೆ ದಂಡ, ಅಲ್ವಾ? ನಿಜವಾಗಿ ಬೇಕಾಗಿದೆಯಾ ಅಂತ ಖಾತ್ರಿಯಾದ ಮೇಲೆಯೇ ಮಿದುಳು ಖರ್ಚು ಮಾಡುತ್ತದೆ. ಇನ್ನೊಂದು ವಿಷಯ. ಈ ದಾರಿ ಹೀಗೆ ಕೆಲಸ ಮಾಡಿದ್ದು ತಾಯಿಯಾದ ಇಲಿಗಳಲ್ಲಿ ಮಾತ್ರ, ಮರಿ ಹಾಕದ ಹೆಣ್ಣುಗಳಲ್ಲಿ ಅಲ್ಲ. ಮತ್ತೆ ಆ ದಾರಿಯನ್ನು ಔಷಧಿಯಿಂದ ಮುಚ್ಚಿದಾಗ, ಹೊರಗೆ ಬಿದ್ದ ಮರಿಗಳನ್ನು ಪದೇಪದೇ ಗೂಡಿಗೆ ತರುತ್ತಿದ್ದ ತಾಯಿ ಸ್ವಲ್ಪ ಹೊತ್ತಿಗೇ ಕೈಚೆಲ್ಲಿತು.

ಇಲಿಯಲ್ಲಿ ಕಂಡಿದ್ದನ್ನೆಲ್ಲ ಹಸುವಿಗೆ ಹಚ್ಚಲು ಬರುವುದಿಲ್ಲ. ಆದರೂ ಹಾಲು ಕರೆಯುವವರಿಗೆ ಹಸುಗಳ ಮೇಲಿನ ಸಂಶೋಧನೆಯಿಂದ ಒಂದು ಮಾತು ಖಂಡಿತ ಹೇಳಬಹುದು. ಕೆಚ್ಚಲು ತೊಳೆದು, ಒರೆಸಿ, ಮೊದಲ ನಾಲ್ಕು ಧಾರೆ ಕರೆದು, ಒಂದು ನಿಮಿಷ ಬಿಟ್ಟು ಮೆಷಿನ್ ಹಾಕಿ. ಹಾಕಿದ ಮೇಲೆ ಎದ್ದು ಹೋಗಬೇಡಿ. ರಕ್ತಕ್ಕೆ ಬಂದ ಆಕ್ಸಿಟೋಸಿನ್ ಕೆಲವೇ ನಿಮಿಷಗಳಲ್ಲಿ ಒಡೆದುಹೋಗುತ್ತದೆ. ನಡುವೆ ಫೋನ್ ಬಂತು ಅಂತ ಹೋಗಿ ವಾಪಸ್ ಬಂದರೆ ಹಾಲು ಒಳಗೇ ಉಳಿಯುತ್ತದೆ. ದಿನಾ ಹಾಗೆ ಉಳಿದರೆ ಹಾಲು ತಯಾರಾಗುವುದೇ ಕಡಿಮೆಯಾಗುತ್ತದೆ, ಕೆಚ್ಚಲು ಬಾವು ಬಂದರಂತೂ ಮುಗೀತು, ಖರ್ಚೋ ಖರ್ಚು.

[ದೃಶ್ಯ: ಗಿಣ್ಣು ಹಾಲು, ಆಗ ತಾನೇ ಕರು ಹಾಕಿದ ಹಸು]

ಎರಡನೇ ಸಂಶೋಧನೆ ಮೂಳೆಯದು. ಹಾಲಿಗೆ ಕ್ಯಾಲ್ಸಿಯಂ ಬೇಕು. ಒಂದು ಲೆಕ್ಕ ನೋಡಿ. ಹಸುವಿನ ರಕ್ತದಲ್ಲಿ ಯಾವುದೇ ಹೊತ್ತಿನಲ್ಲಿ ಓಡಾಡುವ ಕ್ಯಾಲ್ಸಿಯಂ ಒಟ್ಟು ಸುಮಾರು 3 ಗ್ರಾಂ. 10 ಲೀಟರ್ ಗಿಣ್ಣು ಕರೆದರೆ ಹೊರಗೆ ಹೋಗುವುದು 20 ಗ್ರಾಂಗಿಂತ ಜಾಸ್ತಿ! ಮಿಕ್ಕಿದ್ದು ಮೂಳೆಯಿಂದ, ಮೇವಿನಿಂದ ಬರಬೇಕು. ಆ ಏರ್ಪಾಡು ತಡವಾದರೆ ಹಾಲುಜ್ವರ. ಮೈ ಬಿಸಿ ಇರುವುದಿಲ್ಲ, ಕಿವಿ ತಣ್ಣಗಿರುತ್ತದೆ, ಕತ್ತು ಪಕ್ಕಕ್ಕೆ ಹಾಕಿ ಹಸು ಮಲಗಿಬಿಡುತ್ತದೆ. ಡಾಕ್ಟರ್ ಬಂದು ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ಎಷ್ಟೋ ಸಲ ಸ್ವಲ್ಪ ಹೊತ್ತಿಗೇ ಎದ್ದು ನಿಲ್ಲುತ್ತದೆ. ನೂರಿಪ್ಪತ್ತು ವರ್ಷದ ಹಿಂದೆ ಯುರೋಪಿನಲ್ಲಿ ಇದಕ್ಕೆ ಏನು ಮಾಡುತ್ತಿದ್ದರು ಗೊತ್ತಾ? ಮೊಲೆತೊಟ್ಟಿನ ಮೂಲಕ ಕೆಚ್ಚಲಿಗೆ ಗಾಳಿ ತುಂಬುತ್ತಿದ್ದರು. ತಮಾಷೆ ಅನ್ನಿಸಿದರೂ ಹಸುಗಳು ಬದುಕುತ್ತಿದ್ದವು. ಗಾಳಿಯ ಒತ್ತಡಕ್ಕೆ ಹಾಲು ತಯಾರಾಗುವುದು ನಿಂತು, ಕ್ಯಾಲ್ಸಿಯಂ ರಕ್ತದಲ್ಲೇ ಉಳಿಯುತ್ತಿತ್ತು.

ಹೆಂಗಸರಲ್ಲೂ ಹಾಲುಣಿಸುವಾಗ ಮೂಳೆಯಿಂದ ಕ್ಯಾಲ್ಸಿಯಂ ಹೋಗುತ್ತದೆ. ಕೆಲವು ತಿಂಗಳಲ್ಲಿ ಮೂಳೆಯ ಸಾಂದ್ರತೆ ಶೇಕಡಾ 10ರವರೆಗೂ ಇಳಿಯಬಹುದು, ಹಾಲು ಬಿಡಿಸಿದ ಮೇಲೆ ವಾಪಸ್ ಬರುತ್ತದೆ. ಆದರೆ ಆ ದಿನಗಳಲ್ಲಿ ಮೂಳೆ ಕಾಯುವ ಈಸ್ಟ್ರೋಜನ್ ಎಂಬ ಹಾರ್ಮೋನು ಕೂಡ ಕಡಿಮೆ ಇರುತ್ತದೆ. ಮುಟ್ಟು ನಿಂತ ಮೇಲೆ ಹೀಗಾದರೆ ಮೂಳೆ ಟೊಳ್ಳಾಗುತ್ತದೆ. ಬಾಣಂತಿಯ ಮೂಳೆ ಹಾಗೆ ಯಾಕೆ ಆಗುವುದಿಲ್ಲ?

2024ರ ಜುಲೈನಲ್ಲಿ, ಮತ್ತೆ ನೇಚರ್ ಪತ್ರಿಕೆಯಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹಾಲಿ ಇಂಗ್ರಹಾಮ್ ಅವರ ತಂಡ ಇದಕ್ಕೊಂದು ಉತ್ತರ ಕೊಟ್ಟಿತು. ಹಾಲುಣಿಸುವ ಇಲಿಗಳ ಹೈಪೋಥಲಮಸ್‌ನಲ್ಲಿ ಸಿಸಿಎನ್3 ಎಂಬ ಹಾರ್ಮೋನು ತಯಾರಾಗುತ್ತದೆ. ಅದು ಮೂಳೆ ಕಟ್ಟುತ್ತದೆ. ಹಾಲುಣಿಸುವ ದಿನಗಳಲ್ಲಿ ಅದನ್ನು ತಗ್ಗಿಸಿದಾಗ ತಾಯಿಯ ಮೂಳೆ ಬೇಗ ಸವೆಯಿತು, ಮರಿಗಳ ತೂಕವೂ ಇಳಿಯಿತು. ವಯಸ್ಸಾದ ಇಲಿಗಳ ಮುರಿದ ಮೂಳೆಯ ಮೇಲೆ ಸಿಸಿಎನ್3 ತುಂಬಿದ ಜೆಲ್ ಪಟ್ಟಿ ಇಟ್ಟಾಗ ಮೂಳೆ ಚೆನ್ನಾಗಿ ಕೂಡಿಕೊಂಡಿತು. ಅಂದರೆ ಒಂದೇ ಹೈಪೋಥಲಮಸ್ ಒಂದು ಕಡೆ ಹಾಲು ಬಿಡು ಅನ್ನುತ್ತದೆ, ಇನ್ನೊಂದು ಕಡೆ ಮೂಳೆ ಕಟ್ಟು ಅನ್ನುತ್ತದೆ.

ಇದು ಔಷಧಿಯಾಗಿ ಅಂಗಡಿಗೆ ಬಂದಿಲ್ಲ. ನಿಮ್ಮ ಅಮ್ಮನ ಮಂಡಿನೋವಿಗೆ, ನಿಮ್ಮ ಹಸುವಿನ ಹಾಲುಜ್ವರಕ್ಕೆ ಅಂತ ಯಾರಾದರೂ ಸಿಸಿಎನ್3 ಪೌಡರ್ ಡಬ್ಬ ಹಿಡಿದುಕೊಂಡು ಬಂದರೆ, ಒಂದು ಲೋಟ ಮಜ್ಜಿಗೆ ಕೊಟ್ಟು ವಾಪಸ್ ಕಳಿಸಿ.