ಬಸವನಹುಳ ಮೀನನ್ನ ಹಿಡಿಯುತ್ತೆ ಅಂದ್ರೆ ನಂಬ್ತೀರಾ?

[ಸ್ಕ್ರೀನ್: ಮರಳಲ್ಲಿ ಅರ್ಧ ಹುದುಗಿರೋ ಕಂದು-ಬಿಳಿ ಚಿಪ್ಪು]

ಈ ಚಿಪ್ಪು ನೋಡಿ, ಮೇಲೆ ಮ್ಯಾಪ್ ಬಿಡಿಸಿದಂಗೆ ಡಿಸೈನು, ನೀರಲ್ಲಿ ಕಂಡ್ರೆ ಯಾರಾದ್ರೂ ಕೈ ಹಾಕೇ ಹಾಕ್ತಾರೆ. ಹಾಕ್ಬೇಡಿ. ಇದು ಜಿಯಾಗ್ರಫಿ ಕೋನ್, ಹಿಂದೂ ಮಹಾಸಾಗರ ಮತ್ತೆ ಪೆಸಿಫಿಕ್‌ನ ಹವಳದ ದಿಬ್ಬಗಳಲ್ಲಿ ಇರೋ ಬಸವನಹುಳ, ಮನುಷ್ಯರನ್ನ ಕೊಂದಿರೋ ಹುಳ, ಇದರ ವಿಷಕ್ಕೆ ಇವತ್ತಿಗೂ ಆಂಟಿವೆನಮ್ ಇಲ್ಲ.

ಇದರ ಊಟ ಮೀನು. ಮೀನು ಒಂದ್ಸಲ ಬಾಲ ಬಡಿದ್ರೆ ಎಲ್ಲೋ ಹೋಗಿರುತ್ತೆ, ಇದು ತೆವಳ್ಕೊಂಡು ಹಿಂದೆ ಹೋಗಿ ಹಿಡಿಯೋದು ಯಾವ ಕಾಲಕ್ಕೆ? ಅಂದ್ರೆ ಚುಚ್ಚಿದ ಜಾಗದಲ್ಲೇ ಮೀನು ಸೆಟೆದು ನಿಂತುಬಿಡ್ಬೇಕು, ಇಲ್ಲಾಂದ್ರೆ ಉಪವಾಸ. ಅದಕ್ಕೇ ವಿಷ ಇಷ್ಟು ಸ್ಪೀಡು.

[ಸ್ಕ್ರೀನ್: ಸೊಂಡಿಲು, ಹಲ್ಲು, ಕ್ಲೋಸಪ್]

ಇದರ ಕುಟುಂಬದ ಹೆಸರು ಕೋನ್ ಸ್ನೇಲ್, ಅದರಲ್ಲಿ ನೂರಾರು ಜಾತಿ, ಜಾಸ್ತಿ ಜಾತಿಗಳು ಹುಳ ತಿನ್ನೋವು, ಕೆಲವು ಬೇರೆ ಬಸವನಹುಳಗಳನ್ನೇ ತಿಂತವೆ, ಮೀನು ತಿನ್ನೋವು ಸ್ವಲ್ಪ. ಆಯುಧ ಮಾತ್ರ ಎಲ್ಲಕ್ಕೂ ಹೆಚ್ಚುಕಡಿಮೆ ಒಂದೇ, ಹಲ್ಲು. ಒಳಗೆ ಟೊಳ್ಳು, ತುದೀಲಿ ಮುಳ್ಳು, ಇಂಜೆಕ್ಷನ್ ಸೂಜಿಗೂ ಈಟಿಗೂ ಹುಟ್ಟಿದ ಮಗು ಥರ. ಒಂದ್ಸಲ ಹೊಡೆದ್ರೆ ಆ ಹಲ್ಲಿನ ಕತೆ ಮುಗೀತು, ಆದ್ರೆ ಒಳಗೆ ಒಂದು ಚೀಲದ ತುಂಬ ಸ್ಪೇರ್ ಹಲ್ಲು ಇಟ್ಕೊಂಡಿರುತ್ತೆ.

ಜಿಯಾಗ್ರಫಿ ಕೋನ್ ಇನ್ನೂ ಕಿಲಾಡಿ. ಬಾಯನ್ನ ಬಲೆ ಥರ ಅಗಲಿಸಿ ಮೀನನ್ನ ಪೂರ್ತಿ ಒಳಗೆ ಎಳ್ಕೊಂಡು ಆಮೇಲೆ ಚುಚ್ಚುತ್ತೆ. ಮೀನು ಯಾಕೆ ಸುಮ್ನೆ ಒಳಗೆ ಹೋಗುತ್ತೆ ಅಂತ ಕೇಳಿದ್ರೆ, 2015ರಲ್ಲಿ ಸಂಶೋಧಕರಿಗೆ ಇದರ ವಿಷದಲ್ಲಿ ಇನ್ಸುಲಿನ್ ಸಿಕ್ತು, ಅದೂ ಹುಳದ ಇನ್ಸುಲಿನ್ ಅಲ್ಲ, ಮೀನಿನದನ್ನ ಹೋಲೋದು! ಅದನ್ನ ನೀರಿಗೆ ಬಿಟ್ಟು ಮೀನಿನ ಶುಗರ್ ಇಳಿಸಿ ಮಂಕು ಮಾಡುತ್ತೆ ಅನ್ನೋದು ಅವರ ಲೆಕ್ಕಾಚಾರ. ನನಗಂತೂ ಇದನ್ನ ಓದಿ ತಲೆ ತಿರುಗ್ತು.

ಇನ್ನು ಮನುಷ್ಯರ ವಿಷಯ. ನಾವು ಇದರ ಊಟ ಅಲ್ಲ, ಎತ್ಕೊಂಡಾಗ ಹೆದರಿ ಹೊಡೆಯುತ್ತೆ, ಬೇಟೆಗೆ ಒಂದು ವಿಷ, ಕಾಪಾಡ್ಕೊಳ್ಳೋಕೆ ಇನ್ನೊಂದು ವಿಷ ಇಟ್ಕೊಂಡಿದೆ ಅಂತ 2014ರಲ್ಲಿ ಗೊತ್ತಾಯ್ತು. ಕೆಲವರಿಗೆ ಚುಚ್ಚಿದ್ದು ಅಷ್ಟಾಗಿ ನೋವೂ ಆಗಲ್ಲ, ಆಮೇಲೆ ಮರಗಟ್ಟುತ್ತೆ, ಕಣ್ಣು ಮಂಜಾಗುತ್ತೆ, ಉಸಿರಾಟದ ಸ್ನಾಯುಗಳು ಕೈಕೊಡ್ತವೆ. ವಿಷ ಇಳಿಯೋವರೆಗೂ ವೆಂಟಿಲೇಟರ್‌ನಲ್ಲಿ ಉಸಿರಾಡಿಸಿದ್ರೆ ಬದುಕ್ತಾರೆ.

[ಸ್ಕ್ರೀನ್: ಔಷಧಿ ಬಾಟಲಿ]

ಫಿಲಿಪ್ಪೀನ್ಸ್‌ನ ವಿಜ್ಞಾನಿ ಬಾಲ್ಡೊಮೆರೊ ಒಲಿವೆರಾ ಈ ವಿಷದ ಹಿಂದೆ ಬಿದ್ದೋರು, ಆಮೇಲೆ ಅಮೆರಿಕದ ಯೂಟಾ ಯೂನಿವರ್ಸಿಟಿಲಿ ಅದನ್ನೇ ಮುಂದುವರ್ಸಿದ್ರು. ಅವರ ಲ್ಯಾಬಲ್ಲಿ ಮ್ಯಾಜಿಶಿಯನ್ ಕೋನ್ ಅನ್ನೋ ಚಿಕ್ಕ ಹುಳದ ವಿಷದಿಂದ ಸಿಕ್ಕ ಒಂದು ಪೆಪ್ಟೈಡೇ, ಅಂದ್ರೆ ಪುಟಾಣಿ ಪ್ರೋಟೀನ್ ಥರದ್ದೇ, ಝಿಕೊನೊಟೈಡ್ ಅನ್ನೋ ನೋವಿನ ಔಷಧಿ ಆಯ್ತು, 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ತು. ನರದಲ್ಲಿ ನೋವಿನ ಸಿಗ್ನಲ್ ದಾಟಿಸೋ ಕ್ಯಾಲ್ಶಿಯಂ ಚಾನಲ್ ಅನ್ನೋ ಬಾಗಿಲನ್ನೇ ಮುಚ್ಚುತ್ತೆ, ಮಾರ್ಫಿನ್ ಥರ ಚಟ ಹಿಡಿಸಲ್ಲ. ಆದ್ರೆ ಮಾತ್ರೆ ಥರ ನುಂಗೋ ಹಾಗಿಲ್ಲ, ಪಂಪ್ ಇಟ್ಟು ಬೆನ್ನುಹುರಿ ಸುತ್ತ ಇರೋ ದ್ರವಕ್ಕೇ ಬಿಡ್ಬೇಕು, ಭ್ರಮೆ ಥರದ ಸೈಡ್ ಎಫೆಕ್ಟೂ ಇದೆ, ಹಾಗಾಗಿ ಬೇರೆ ಯಾವುದಕ್ಕೂ ಬಗ್ಗದ ನೋವಿದ್ದೋರಿಗೆ ಮಾತ್ರ ಕೊಡ್ತಾರೆ.