ಕೂಸಿನ ಮೊದಲ 24 ತಾಸು: ಹೆಪಟೈಟಿಸ್ ಬಿ ತಡಿಯೋದು ಇಲ್ಲೇ

[ದೃಶ್ಯ: ತಾಯಿ ಕಾರ್ಡು, ಹತ್ತಿರದಿಂದ]

ನಮಸ್ಕಾರ್ರಿ. ಕುಬುಸ ಮುಗಿಸ್ಕೊಂಡು ಮಗಳು ತವರಿಗೆ ಬರ್ತಾಳ. ಸೀರಿ, ಬಳಿ ಎಲ್ಲಾ ಚೀಲದಾಗ ಇರ್ತಾವ, ರಕ್ತ ತಪಾಸಣಿ ಕಾಗದ ಗಂಡನ ಮನ್ಯಾಗೇ ಉಳೀತದ. ಯಾದಗಿರಿ ಕಡಿಯಿಂದ ಬೆಂಗಳೂರು, ಮುಂಬೈಗೆ ದುಡಿಲಿಕ್ಕ ಹೋದವರದಂತೂ ಅಲ್ಲೇ ಶೆಡ್‌ನ್ಯಾಗ ಬಿದ್ದಿರ್ತದ. ಆ ಕಾಗದದಾಗ 'ಎಚ್‌ಬಿಎಸ್‌ಎಜಿ' ಅಂತ ಒಂದು ಸಾಲು ಅದ. ಅದರ ಮುಂದ 'ರಿಯಾಕ್ಟಿವ್' ಅಂತ ಬರ್ದಿದ್ರ ತಾಯಿ ರಕ್ತದಾಗ ಲಿವರ್ ಕೆಡಿಸೋ ಹೆಪಟೈಟಿಸ್ ಬಿ ವೈರಸ್ ಅದ ಅಂತ ಅರ್ಥ.

ಆಕಿ ಕಣ್ಣು ಹಳದಿ ಆಗಿರಂಗಿಲ್ಲ. ಊಟ ಸೇರ್ತದ, ಕೆಲಸಾನೂ ಮಾಡ್ತಾಳ. ಆದ್ರ ಹೆರಿಗಿ ವ್ಯಾಳ್ಯಾದಾಗ ಆಕಿ ರಕ್ತ ಕೂಸಿಗೆ ತಾಗ್ತದ. ದೊಡ್ಡವರಿಗೆ ಈ ವೈರಸ್ ಹತ್ತಿದ್ರ ನೂರಕ್ಕ 95 ಮಂದಿಗಿಂತ ಹೆಚ್ಚು ಜನಕ್ಕ ತಾನೇ ಹೋಗ್ತದ. ಹುಟ್ಟಿದ ಕೂಸಿಗೆ ಹತ್ತಿದ್ರ ನೂರಕ್ಕ ಸುಮಾರು 90 ಕೂಸುಗಳಾಗ ಅದು ಹೋಗೋದೇ ಇಲ್ಲ. ವರ್ಷಗಟ್ಟಲೆ ಸುಮ್ಮನಿದ್ದು ಲಿವರ್ ಗಟ್ಟಿ ಮಾಡ್ತದ, ಹೊಟ್ಯಾಗ ನೀರು ತುಂಬ್ತದ, ಕೆಲವರಿಗೆ ಕ್ಯಾನ್ಸರ್ ಆಗ್ತದ.

ಕಾಮಣಿ ಅಂದ ಕೂಡ್ಲೇ ಮೂಗಿಗೆ ಎಲಿ ರಸ, ಕೈಗೆ ಬರಿ. ಗುಣ ಆದಂಗ ಕಾಣ್ತದ ನಿಜ, ಯಾಕಂದ್ರ ಹೊಲಸು ನೀರಿನಿಂದ ಬರೋ ಹೆಪಟೈಟಿಸ್ ಎ, ಇ ಬಹಳ ಮಂದಿಗೆ ಕೆಲವು ವಾರದಾಗ ತಾವೇ ಇಳೀತಾವ. (ಬಸುರಿಗೆ ಇ ಬಂದ್ರ ಜೀವಕ್ಕೇ ಅಪಾಯ, ನೇರ ದವಾಖಾನಿಗೇ ಹೋಗ್ರಿ.) ಬಿ ವೈರಸ್ಸಿಗೆ ಆ ರಸದಿಂದ ಏನೂ ಆಗಂಗಿಲ್ಲ.

[ದೃಶ್ಯ: ಲಸಿಕಿ ಶೀಶಿ]

ಮದ್ದು ಇಷ್ಟೇ: ಹುಟ್ಟಿದ 24 ತಾಸಿನೊಳಗ, ಎಡ ತೊಡಿಗೆ, ಅರ್ಧ ಎಂಎಲ್ ಹೆಪಟೈಟಿಸ್ ಬಿ ಲಸಿಕಿ. ಆಮ್ಯಾಲ 6, 10, 14 ವಾರಕ್ಕ ಪೆಂಟಾವೇಲೆಂಟ್, ಅಂದ್ರ ಹೆಪಟೈಟಿಸ್ ಬಿ ಸೇರಿ ಐದು ರೋಗ ತಡಿಯೋ ಲಸಿಕಿ. ವೈರಸ್ ಕೂಸಿನ ಲಿವರ್‌ನ್ಯಾಗ ಬೇರು ಬಿಡೋಕಿಂತ ಮೊದಲೇ ಲಸಿಕಿ ತಡಿತದ, ಅದಕ್ಕೇ ಇಷ್ಟು ಅವಸರ.

ಎಲ್ಲಿ ತಪ್ತದ? ಶೀಶ್ಯಾಗ ಹತ್ತು ಡೋಸ್ ಇರ್ತಾವ. ಒಂದೇ ಕೂಸಿಗೆ ಒಡದ್ರ ಹಾಳಾಗ್ತದ ಅಂತ ಕಾಯಿಸ್ತಾರ. ಕಾಯೋ ಅಗತ್ಯ ಇಲ್ರಿ. ತೆರೆದ ತಾರೀಖು ಬರ್ದು, 2ರಿಂದ 8 ಡಿಗ್ರ್ಯಾಗ ಸ್ವಚ್ಛ ಇಟ್ರ 28 ದಿನ ಬಳಸ್ಲಿಕ್ಕ ನಿಯಮದಾಗ ಅವಕಾಶ ಅದ.

ಇನ್ನೊಂದು ತಪ್ಪು, ನಮ್ಮ ಬಿಸಲಿಗೆ ಹೆದರಿ ಶೀಶಿನ ಬರ್ಫಕ್ಕ ಅಂಟಿಸಿಡೋದು. ಈ ಲಸಿಕಿಗೆ ಬರ್ಫ ಬಿಸಲಿಗಿಂತ ಕೆಟ್ಟದ್ದು. ಹೆಪ್ಪುಗಟ್ಟಿದ್ರ ಅದರಾಗ ಲಸಿಕಿ ಬಲ ಹೆಚ್ಚಿಸಲಿಕ್ಕ ಹಾಕಿದ ಅಲ್ಯೂಮಿನಿಯಂ ಉಪ್ಪು ಗಂಟುಗಟ್ತದ. ಆಮ್ಯಾಲ ಅಲುಗಾಡಿಸಿದ್ರೂ ತಳದಾಗ ಜಲ್ದಿ ಕೂಡ್ತದ. ಅಂಥಾದ್ದು ಚೆಲ್ಲಲೇಬೇಕು. ಐಸ್‌ಪ್ಯಾಕ್ ಅಲುಗಿಸಿದ್ರ ಒಳಗ ನೀರಿನ ಸಪ್ಪಳ ಬರೋತನಕ ಹೊರಗಿಟ್ಟು, ಆಮ್ಯಾಲ ಡಬ್ಬ್ಯಾಗ ಇಡ್ರಿ.

ತಾಯಿ ರಿಯಾಕ್ಟಿವ್ ಇದ್ರ ಕೂಸಿಗೆ ಇನ್ನೊಂದು ತೊಡಿಗೆ ಇಮ್ಯುನೊಗ್ಲೋಬ್ಯುಲಿನ್ (ವೈರಸ್ ತಡಿಯೋ ಸಿದ್ಧ ಪ್ರತಿಕಾಯ) ಸೂಜಿನೂ ಬೇಕು, ಆದಷ್ಟು 12 ತಾಸಿನೊಳಗ. ರಕ್ತದಾಗ ವೈರಸ್ ಬಹಳ ಇದ್ದ ಬಸುರಿಗೆ 28ನೇ ವಾರದಿಂದ ದಿನಕ್ಕೊಂದು 300 ಎಂಜಿ ಟೆನೊಫೊವಿರ್ ಅನ್ನೋ ವೈರಸ್ ತಗ್ಗಿಸೋ ಗುಳಿಗಿ ಕೊಡ್ತಾರ. ವೈರಲ್ ಹೆಪಟೈಟಿಸ್‌ನ ರಾಷ್ಟ್ರೀಯ ಕಾರ್ಯಕ್ರಮ 2018ರಾಗ ಶುರು ಆಗ್ಯದ, ಅದರಡಿ ತಪಾಸಣಿ, ಔಷಧ ಪುಕ್ಕಟೆ. ಕಲಬುರಗಿ, ಬೀದರ, ಯಾದಗಿರಿ ಜಿಲ್ಲಾ ದವಾಖಾನ್ಯಾಗ ಇದರ ಬಗ್ಗೆ ಕೇಳ್ರಿ.

ಎದಿ ಹಾಲು ಬಿಡಿಸಬ್ಯಾಡ್ರಿ. ಹಾಲಿನಿಂದ, ಒಂದೇ ತಾಟಿನ ಊಟದಿಂದ ಇದು ಹರಡಂಗಿಲ್ಲ. ಸೊಸಿನ್ನ ಬ್ಯಾರೆ ಕೋಣ್ಯಾಗ ಕೂಡ್ಸೋದು ಅನ್ಯಾಯ. ಬದಲಿಗೆ ಗಂಡನ ರಕ್ತ ತಪಾಸಣಿ ಮಾಡ್ಸ್ರಿ, ಬ್ಲೇಡು, ಉಗುರು ಕತ್ತರಿ ಬ್ಯಾರೆ ಇಡ್ರಿ. ಕೂಸಿಗೆ 9 ತಿಂಗಳು ತುಂಬಿದ ಮ್ಯಾಲ ಒಮ್ಮೆ ರಕ್ತ ತೋರ್ಸ್ರಿ. ಲಸಿಕಿ ಹತ್ತ್ಯದೋ ಇಲ್ಲೋ ಆಗಲೇ ಗೊತ್ತಾಗೋದು.