ಮುಳುಗಿದ ಊರಿಗೆ ನಿಮ್ಮ ಫೋನಿನಲ್ಲಿ ದಾರಿ ಕೇಳಿ ನೋಡೋಣ

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು, ಅದನ್ನು ಪಕ್ಕಕ್ಕಿಡಿ. ಕಳೆದ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: "ಗುರು, ಗೂಗಲ್ ಮ್ಯಾಪ್ ಇರೋವಾಗ ಅಮೆರಿಕದ ಯಾವುದೋ ಹಳ್ಳಿಯ ಹಳೇ ನಕ್ಷೆ ಇಟ್ಕೊಂಡು ಏನ್ ಮಾಡ್ತೀಯಾ, ಬಜ್ಜಿ ಕಟ್ತೀಯಾ?" ಅದಕ್ಕೆ ಬಿದ್ದ ಲೈಕು ನನ್ನ ವಿಡಿಯೊಗಿಂತ ಜಾಸ್ತಿ!

ಸರಿ ಸ್ವಾಮಿ. ಫೋನ್ ತೆಗೆಯಿರಿ. ಮ್ಯಾಸಚೂಸೆಟ್ಸ್‌ನ ಎನ್‌ಫೀಲ್ಡ್‌ಗೆ ದಾರಿ ಕೇಳಿ. ಪಕ್ಕದ ಕನೆಕ್ಟಿಕಟ್ ರಾಜ್ಯದಲ್ಲೂ ಒಂದು ಎನ್‌ಫೀಲ್ಡ್ ಇದೆ, ಫೋನು ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದರೆ ನನ್ನನ್ನು ಬೈಯಬೇಡಿ. ಯಾಕಂದ್ರೆ ನಾನು ಹೇಳುತ್ತಿರುವ ಎನ್‌ಫೀಲ್ಡ್ ಇರುವುದು ಕ್ವಾಬಿನ್ ಜಲಾಶಯದ ನೀರಿನಡಿ.

ಬಾಸ್ಟನ್‌ಗೆ ಕುಡಿಯುವ ನೀರು ಬೇಕಿತ್ತು. ಸ್ವಿಫ್ಟ್ ನದಿಗೆ ಅಣೆಕಟ್ಟು ಕಟ್ಟಿದರು. ಡೇನಾ, ಎನ್‌ಫೀಲ್ಡ್, ಗ್ರೀನ್‌ವಿಚ್, ಪ್ರೆಸ್ಕಾಟ್, ನಾಲ್ಕೂ ಊರು 1938ರ ಏಪ್ರಿಲ್ 28ಕ್ಕೆ ಕಾನೂನಿನ ಲೆಕ್ಕದಲ್ಲಿ ರದ್ದು. ಹಿಂದಿನ ರಾತ್ರಿ ಎನ್‌ಫೀಲ್ಡ್ ಟೌನ್ ಹಾಲ್‌ನಲ್ಲಿ ಜನ ಸೇರಿ ಕೊನೆಯ ಸಲ ಕುಣಿದರು, ಗಂಟೆ ಹನ್ನೆರಡಾಯಿತು, ಊರು ಇಲ್ಲ. ಸುಮಾರು 2,500 ಜನ ಗಂಟುಮೂಟೆ ಕಟ್ಟಿದರು. ಸತ್ತವರನ್ನೂ ಬಿಡಲಿಲ್ಲ, 7,500ಕ್ಕೂ ಹೆಚ್ಚು ಸಮಾಧಿಗಳನ್ನು ಅಗೆದು ಬೇರೆ ಕಡೆ ಸಾಗಿಸಿದರು. ಜಲಾಶಯ ತುಂಬಿದ್ದು 1946ರಲ್ಲಿ.

ಈಗ ಫೋನಿನಲ್ಲಿ ಅಲ್ಲಿ ಏನು ಕಾಣುತ್ತೆ? ನೀಲಿ. ಇಷ್ಟುದ್ದ ನೀಲಿ. ಫೋನು ದಾರಿ ತೋರಿಸುತ್ತೆ, ಊರು ತೋರಿಸಲ್ಲ. ಬರೆದಿಟ್ಟುಕೊಳ್ಳಿ.

ಈಗ ಯುಎಸ್‌ಜಿಎಸ್ ನಕ್ಷೆ ತೆಗೆಯಿರಿ. ಅಮೆರಿಕ ಸರ್ಕಾರದ ಸರ್ವೆ ಸಂಸ್ಥೆ ಅದು, 1879ರದ್ದು. 1880ರ ದಶಕದಲ್ಲೇ ಮ್ಯಾಸಚೂಸೆಟ್ಸ್ ಪೂರ್ತಿ ಅಳೆದರು. ಒಂದು ಇಂಚಿಗೆ ಹೆಚ್ಚುಕಮ್ಮಿ ಒಂದು ಮೈಲಿ. ಮೂರೇ ಬಣ್ಣ: ಗುಡ್ಡದ ಎತ್ತರಕ್ಕೆ ಕಂದು ಗೆರೆ (ಒಂದು ಗೆರೆ ಅಂದರೆ ಒಂದೇ ಎತ್ತರದ ಜಾಗಗಳು), ನೀರಿಗೆ ನೀಲಿ, ಮನುಷ್ಯ ಕಟ್ಟಿದ್ದಕ್ಕೆಲ್ಲ ಕಪ್ಪು. ರಸ್ತೆ ಪಕ್ಕ ಸಾಸಿವೆ ಚೆಲ್ಲಿದ ಹಾಗೆ ಪುಟ್ಟ ಪುಟ್ಟ ಕಪ್ಪು ಚೌಕ ಇವೆಯಲ್ಲ, ಅದೊಂದೊಂದೂ ಒಂದು ಮನೆ. ಕಣಿವೆಯ ಉದ್ದಕ್ಕೂ ರೈಲು ಹಳಿ. ತುಂಬಿದ ಕ್ವಾಬಿನ್‌ನ ನೀರಿನ ಮಟ್ಟ ಸಮುದ್ರ ಮಟ್ಟದಿಂದ 530 ಅಡಿ ಎತ್ತರ. ಆ ಎತ್ತರಕ್ಕೆ ಹತ್ತಿರದ ಕಂದು ಗೆರೆ ಹಿಡಿದು ಬೆರಳು ಓಡಿಸುತ್ತಾ ಹೋಗಿ. ಗೆರೆಯ ಒಳಗೆ ತಗ್ಗಿನಲ್ಲಿರುವ ಮನೆ, ರಸ್ತೆ, ಹಳಿ ಎಲ್ಲ ನೀರಿಗೆ. ನಡುವೆ ಮೌಂಟ್ ಪೊಮೆರಾಯ್, ಮೌಂಟ್ ಲಿಝಿ ಅಂತ ಬೆಟ್ಟಗಳಿವೆ. ಇವತ್ತು ಅವು ದ್ವೀಪ! ಬೆಟ್ಟ ದ್ವೀಪವಾಗಿದ್ದು ಹೇಗೆ ಅಂತ ನಿಮ್ಮ ಫೋನು ಹೇಳುತ್ತಾ?

"ಗೂಗಲ್ ಅರ್ತ್‌ನಲ್ಲಿ ಹಳೇ ಉಪಗ್ರಹ ಚಿತ್ರ ನೋಡಬಹುದಲ್ಲ" ಅಂತ ಇನ್ನೊಬ್ಬರು. 1938ರಲ್ಲಿ ಯಾವ ಉಪಗ್ರಹ ಮಾರಾಯ? ಯಾರು ಹಾರಿಸಿದ್ದರು?

ಮತ್ತೊಬ್ಬರು ತುಂಬಾ ಓದಿಕೊಂಡವರು. ಹಳೇ ನಕ್ಷೆ ನಿಖರ ಅಲ್ಲ ಅನ್ನುತ್ತಾರೆ. ಹೌದು ಸಾರ್. ಹಲಗೆ, ಕಾಗದ ಹೊತ್ತು ಗುಡ್ಡ ಹತ್ತಿ, ಕೆಲವು ಜಾಗ ಅಳೆದು, ನಡುವಿನದನ್ನು ಕಣ್ಣಳತೆಯಲ್ಲಿ ಬರೆಯುತ್ತಿದ್ದರು. ಗುಡ್ಡ ಸ್ವಲ್ಪ ದುಂಡಗಾಗಿರಬಹುದು. ಆದರೆ ಅಲ್ಲಿ ಊರಿದೆ! ನಿಮ್ಮ ನಿಖರವಾದ ನಕ್ಷೆಯಲ್ಲಿ ನಿಖರವಾಗಿ ಏನೂ ಇಲ್ಲ.

ಅಂದಹಾಗೆ ಇನ್ನೂ ಸಬ್‌ಸ್ಕ್ರೈಬ್ ಮಾಡದೇ ಇರುವವರು ಮಾಡಿಬಿಡಿ, ಬೈಯೋಕಾದರೂ ಬನ್ನಿ, ವ್ಯೂಸ್ ವ್ಯೂಸೇ.

ಎಲ್ಲಿದ್ದೆ? ಹಾಂ, ಡೇನಾ. ನಾಲ್ಕೂ ಊರು ಪೂರ್ತಿ ಮುಳುಗಿವೆ ಅಂದುಕೊಂಡಿದ್ದೀರಾ? ಡೇನಾ ಊರ ನಡುವಿನ ಬಯಲು ಇವತ್ತಿಗೂ ನೀರಿನ ಮೇಲಿದೆ. ಜಲಾಶಯದ ಸುತ್ತಲಿನ ಜಾಗಕ್ಕೆ ಹೋಗುವ 40ನೇ ಗೇಟಿನಿಂದ ಹಳೇ ರಸ್ತೆಯಲ್ಲೇ ನಡೆದು ಹೋಗಬಹುದು. ಮನೆಗಳಿಲ್ಲ, ಕಲ್ಲು ಕಟ್ಟಿದ ನೆಲಮಾಳಿಗೆಯ ಗುಂಡಿಗಳಿವೆ, ಒಳಗೆ ಮರ ಬೆಳೆದಿದೆ. ಅಲ್ಲಿ ನಿಂತು ಫೋನ್ ನೋಡಿದರೆ ಸುತ್ತ ಹಸಿರು, ಅಷ್ಟೇ. ಹಳೇ ನಕ್ಷೆ ಬಿಡಿಸಿ, ರಸ್ತೆಗಳು ಕೂಡುವ ಜಾಗ, ಸುತ್ತ ಕಪ್ಪು ಚೌಕ. ಕಾಲ ಕೆಳಗಿನ ಗುಂಡಿ ಯಾವ ಚೌಕ ಅಂತ ಲೆಕ್ಕ ಹಾಕಬಹುದು. ಫೋನು ದಾರಿ ತೋರಿಸುತ್ತೆ, ಊರು ತೋರಿಸಲ್ಲ! ಎಷ್ಟು ಸಲ ಹೇಳಲಿ?

"ನಮಗೇನು ಸಂಬಂಧ" ಅನ್ನುವವರಿಗೆ: ಬಾಸ್ಟನ್‌ನಲ್ಲಿ ನಮ್ಮ ಕನ್ನಡದವರು ಕಮ್ಮಿ ಇದ್ದಾರಾ? ಅಲ್ಲಿ ನಲ್ಲಿ ತಿರುಗಿಸಿ ಸಾರಿಗೆ ನೀರು ಹಿಡಿಯುತ್ತೀರಲ್ಲ, ಅದರಲ್ಲಿ ಈ ಕಣಿವೆಯ ನೀರೂ ಇದೆ. ಒಂದು ಸಲ ನಕ್ಷೆ ನೋಡಿದರೆ ಕೈ ಸವೆಯುತ್ತಾ?

ದುಡ್ಡೂ ಬೇಡ. ಯುಎಸ್‌ಜಿಎಸ್‌ನ ಟೋಪೊವ್ಯೂ ಅಂತ ತಾಣ ಇದೆ. 1884ರಿಂದ 2006ರವರೆಗಿನ 1.75 ಲಕ್ಷಕ್ಕೂ ಹೆಚ್ಚು ನಕ್ಷೆ ಸ್ಕ್ಯಾನ್ ಮಾಡಿ ಪುಕ್ಕಟೆ ಇಟ್ಟಿದ್ದಾರೆ. ಲಾಗಿನ್ ಬೇಡ, ಒಟಿಪಿ ಬೇಡ. ನನ್ನ ಚಾನೆಲ್ ಮೆಂಬರ್‌ಶಿಪ್‌ಗೆ ಮಾತ್ರ ದುಡ್ಡು ಬೇಕು, ಅದು ಬೇರೆ ವಿಷಯ.

ಇನ್ನೂ ಕಾರಣ ಬೇಕಾ? ಬರೆದುಕೊಂಡಿದ್ದೆ, ಹಾಳೆ ಎಲ್ಲೋ ಹೋಯಿತು. ಚೆನ್ನಾಗಿರುತ್ತೆ ಸ್ವಾಮಿ, ನೋಡೋಕೆ ಚೆನ್ನಾಗಿರುತ್ತೆ, ಸಾಲದಾ? ಊರು ತೋರಿಸಲ್ಲ ಅಂದರೆ ತೋರಿಸಲ್ಲ! ಮುಂದಿನ ವಾರ ನಕ್ಷೆಯ ನೇರಳೆ ಬಣ್ಣದ ಬಗ್ಗೆ ಒಂದು ಗಂಟೆ ಮಾತಾಡುತ್ತೇನೆ. ಹಳೇ ನಕ್ಷೆ ಮೇಲೆ ವೈಮಾನಿಕ ಫೋಟೊ ನೋಡಿ ಸೇರಿಸಿದ ತಿದ್ದುಪಡಿಗೆ ಆ ಬಣ್ಣ. ಪೂರ್ತಿ ಒಂದು ಗಂಟೆ. ಯಾರು ತಡೆಯುತ್ತೀರೋ ನೋಡೇಬಿಡೋಣ.